ಆ್ಯಪ್‌ನಿಂದ ಬಿಡಿಸಿಕೊಳ್ಳದ ಸ್ಮಾರ್ಟ್ ಲಾಕ್: ಗಂಟು ಎಲ್ಲಿ ಬಿದ್ದಿದೆ?

ಆ್ಯಪ್‌ನಲ್ಲಿ 'ಡಿಲೀಟ್' ಒತ್ತುತ್ತೀರಿ. ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಕೊನೆಗೆ 'ಆಗಲಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ಬರುತ್ತದೆ. ಇನ್ನೊಂದು ಸಲ ಒತ್ತಿದರೂ ಅದೇ ಕತೆ. ಲಾಕ್ ಮಾತ್ರ ತನಗೇನೂ ಗೊತ್ತಿಲ್ಲದಂತೆ ಬಾಗಿಲ ಮೇಲೆ ಕೂತಿರುತ್ತದೆ.

ಈ ಹೊತ್ತಿನಲ್ಲಿ ಹೆಚ್ಚಿನವರು ಆ್ಯಪ್ ಕಿತ್ತು ಹಾಕುತ್ತಾರೆ, ಇಲ್ಲವೇ ನೇರವಾಗಿ ರಿಸೆಟ್ ಬಟನ್‌ಗೆ ಕೈ ಹಾಕುತ್ತಾರೆ. ಎರಡೂ ಅವಸರದ ಕೆಲಸ. ಇದ್ದ ತೊಂದರೆ ಎಷ್ಟೋ ಸಲ ಇದರಿಂದಲೇ ಜಾಸ್ತಿಯಾಗುತ್ತದೆ.

ಯಾಕೆಂದರೆ ಲಾಕ್ ನಿಮ್ಮದು ಅನ್ನುವ ಲೆಕ್ಕ ಒಂದೇ ಕಡೆ ಬರೆದಿರುವುದಿಲ್ಲ, ಮೂರು ಕಡೆ ಬರೆದಿರುತ್ತದೆ. ಒಂದು, ಲಾಕ್‌ನ ಒಳಗಿನ ಮೆಮೊರಿಯಲ್ಲಿ. ಎರಡು, ನಿಮ್ಮ ಫೋನಿನಲ್ಲಿ. ಮೂರು, ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಅಕೌಂಟ್ ಹೆಸರಿಗೆ. ಅನ್‌ಪೇರ್ ಅಂದರೆ ಈ ಮೂರೂ ಕಡೆ ಒಟ್ಟಿಗೆ ಗೆರೆ ಹೊಡೆಯುವುದು. ಒಂದು ಕಡೆ ಉಳಿದರೂ ಲಾಕ್ ಬಿಡುವುದಿಲ್ಲ. ಹಾಗಾಗಿ 'ಹೇಗೆ ಬಿಡಿಸುವುದು' ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಮೂರರಲ್ಲಿ ಯಾವುದು ಹಟ ಹಿಡಿದಿದೆ ಎಂದು.

ಕೈ ಹಾಕುವ ಮೊದಲು

ಬಾಗಿಲು ತೆರೆದಿಟ್ಟುಕೊಳ್ಳಿ. ಇದು ತಮಾಷೆಗೆ ಹೇಳುತ್ತಿರುವ ಮಾತಲ್ಲ. ಅರ್ಧ ರಿಸೆಟ್ ಆದ ಲಾಕ್ ಬೋಲ್ಟನ್ನು ಹೊರಗೆ ಚಾಚಿಕೊಂಡು ಸುಮ್ಮನಾಗಬಹುದು. ಬೋಲ್ಟ್ ಯಾವ ಕಡೆ ಓಡುತ್ತದೆ ಎಂದು ಪರೀಕ್ಷಿಸಲು ರಿಸೆಟ್ ಆದ ಮೇಲೆ ಮೋಟಾರ್ ತಾನೇ ಒಂದೆರಡು ಸಲ ತಿರುಗುವ ಲಾಕ್‌ಗಳೂ ಇವೆ. ಬೀಗದ ಕೈ ಇರುವ ಮಾಡೆಲ್ ಆದರೆ ಅದನ್ನು ಜೇಬಿನಲ್ಲಿ ಹಾಕಿಕೊಳ್ಳಿ. ಡ್ರಾಯರ್‌ನಲ್ಲಿ ಇದೆ ಅಂದುಕೊಳ್ಳುವುದು ಸಾಕಾಗುವುದಿಲ್ಲ.

ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ಫೋನಿನಿಂದ ಆ್ಯಪ್ ತೆಗೆದರೆ ಸರ್ವರ್‌ನಲ್ಲಿರುವ ಲೆಕ್ಕ ಹಾಗೇ ಇರುತ್ತದೆ, ಲಾಕ್‌ನಲ್ಲಿರುವುದೂ ಹಾಗೇ ಇರುತ್ತದೆ. ಇಂಟರ್ನೆಟ್ ಇಲ್ಲದೆ ಬರೀ ಬ್ಲೂಟೂತ್‌ನಲ್ಲಿ ನಡೆಯುವ ಕೆಲವು ಲಾಕ್‌ಗಳಲ್ಲಿ ಗುಪ್ತ ಕೀ ಆ ಫೋನಿನ ಆ್ಯಪ್ ಒಳಗೆ ಮಾತ್ರ ಇರುತ್ತದೆ. ಆ್ಯಪ್ ಹೋಯಿತೋ, ಲಾಕ್ ಜೊತೆ ಮಾತಾಡುವ ದಾರಿಯೂ ಹೋಯಿತು.

ಈಗ ಲಕ್ಷಣ ಗಮನಿಸಿ. ಡಿಲೀಟ್ ಆಯ್ಕೆಯೇ ಕಾಣುತ್ತಿಲ್ಲವೇ? ಒತ್ತಿದ ಮೇಲೆ ಚಕ್ರ ತಿರುಗಿ ಸೋಲುತ್ತದೆಯೇ? ಆ್ಯಪ್‌ನಿಂದ ಹೋಗಿದೆ, ಆದರೆ ಹೊಸ ಅಕೌಂಟ್‌ಗೆ ಸೇರಿಸಲು ಹೋದರೆ 'ಈಗಾಗಲೇ ಬೇರೆಯವರ ಹೆಸರಿನಲ್ಲಿದೆ' ಅನ್ನುತ್ತಿದೆಯೇ? ಅಥವಾ ಡಿಲೀಟ್ ಆದದ್ದು ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತಿದೆಯೇ? ನೋಡಲು ಎಲ್ಲ ಒಂದೇ ತಾಪತ್ರಯ ಅನ್ನಿಸುತ್ತದೆ. ಆದರೆ ಒಂದೊಂದರ ಬೇರು ಒಂದೊಂದು ಕಡೆ.

ಡಿಲೀಟ್ ಬಟನ್ ಕಾಣುತ್ತಿಲ್ಲ, ಅಥವಾ ಮಂಕಾಗಿದೆ

ಇದು ಲಾಕ್‌ನ ದೋಷವೇ ಅಲ್ಲ, ಅಕೌಂಟ್‌ನದ್ದು. ಲಾಕನ್ನು ಮೊದಲು ಸೇರಿಸಿದವರೇ ಅದರ ಅಡ್ಮಿನ್. ಆಮೇಲೆ ಹಂಚಿಕೊಂಡವರೆಲ್ಲ ಅತಿಥಿಗಳು. ಅತಿಥಿ ಬಾಗಿಲು ತೆಗೆಯಬಹುದು, ಲಾಕನ್ನು ತೆಗೆಯುವ ಹಾಗಿಲ್ಲ. ಕೆಲವು ಆ್ಯಪ್‌ಗಳಲ್ಲಿ ಅತಿಥಿಗೂ 'ಡಿಲೀಟ್' ಕಾಣುತ್ತದೆ. ಆದರೆ ಅದು ಅಳಿಸುವುದು ಅವರ ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ. ಲಾಕ್ ಅಡ್ಮಿನ್ ಹೆಸರಿನಲ್ಲೇ ಉಳಿಯುತ್ತದೆ. 'ನಾನು ಡಿಲೀಟ್ ಮಾಡಿದೆನಲ್ಲ' ಎಂದು ಜಗಳ ಶುರುವಾಗುವುದು ಇಲ್ಲಿಂದ.

'ಅಡ್ಮಿನ್ ನಾನೇ' ಎಂದು ನಿಮಗೆ ಖಾತ್ರಿ ಇದ್ದರೆ, ಯಾವ ಲಾಗಿನ್‌ನಲ್ಲಿ ಒಳಗೆ ಬಂದಿದ್ದೀರಿ ಎಂದು ನೋಡಿ. ಅಂದು ಫೋನ್ ನಂಬರ್ ಕೊಟ್ಟು ಅಕೌಂಟ್ ತೆರೆದಿರುತ್ತೀರಿ, ಇಂದು ಗೂಗಲ್ ಗುಂಡಿ ಒತ್ತಿ ಒಳಗೆ ಬಂದಿರುತ್ತೀರಿ. ಆ್ಯಪ್ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ದೇಶ ಅಥವಾ ಪ್ರದೇಶದ ಆಯ್ಕೆಯೂ ಹೀಗೇ ಆಟ ಆಡಿಸುತ್ತದೆ. ಕೆಲವು ಕಂಪನಿಗಳು ಒಂದೊಂದು ಪ್ರದೇಶಕ್ಕೆ ಒಂದೊಂದು ಸರ್ವರ್ ಇಟ್ಟಿರುತ್ತವೆ. ಲಾಗಿನ್ ಮಾಡುವಾಗ ಬೇರೆ ದೇಶ ಆರಿಸಿದರೆ ಅದೇ ಇಮೇಲ್‌ಗೆ ಖಾಲಿ ಅಕೌಂಟ್ ತೆರೆದುಕೊಳ್ಳುತ್ತದೆ.

ಚಕ್ರ ತಿರುಗಿ ಸೋಲುವುದು

ಜಾಸ್ತಿ ಜನರ ಕಷ್ಟ ಇದೇ. ಹೆಚ್ಚಿನ ಆ್ಯಪ್‌ಗಳು ಮೊದಲು ಲಾಕ್‌ಗೆ 'ನಿನ್ನ ಕೀಗಳನ್ನು ಅಳಿಸು' ಎಂದು ಬ್ಲೂಟೂತ್‌ನಲ್ಲಿ ಹೇಳುತ್ತವೆ. ಲಾಕ್ 'ಆಯ್ತು' ಅಂದ ಮೇಲೆ ಸರ್ವರ್‌ನಿಂದ ಹೆಸರು ತೆಗೆಯುತ್ತವೆ. ಲಾಕ್ ಉತ್ತರ ಕೊಡದಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಹುಡುಕಬೇಕಾದದ್ದು ಒಂದೇ: ಲಾಕ್ ಯಾಕೆ ಓಗೊಡುತ್ತಿಲ್ಲ?

ಸುಲಭದ ಕಾರಣ, ಅದು ನಿದ್ದೆಯಲ್ಲಿದೆ. ಸೆಲ್ ಉಳಿಸಲು ಎಷ್ಟೋ ಲಾಕ್‌ಗಳು ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ. ಕೀಪ್ಯಾಡ್ ಮುಟ್ಟಿ, ಬೆಳಕು ಬಂದ ಕೂಡಲೇ ಡಿಲೀಟ್ ಒತ್ತಿ. ಫೋನ್ ಲಾಕ್‌ನಿಂದ ಒಂದು ಮೊಳದ ಒಳಗಿರಲಿ. ಪಕ್ಕದ ಕೋಣೆಯಿಂದ ಬಾಗಿಲು ತೆರೆಯುತ್ತಿತ್ತು ಅಂತ ಅನ್‌ಪೇರ್ ಕೂಡ ಅಲ್ಲಿಂದಲೇ ಆಗಬೇಕೆಂದೇನಿಲ್ಲ. ಕೆಲವು ಆ್ಯಪ್‌ಗಳು ಗೇಟ್‌ವೇ (ಲಾಕನ್ನು ಇಂಟರ್ನೆಟ್‌ಗೆ ಜೋಡಿಸುವ ಪೆಟ್ಟಿಗೆ) ಮೂಲಕ ಡಿಲೀಟ್ ಮಾಡಲು ಬಿಡುವುದೇ ಇಲ್ಲ, ಎದುರು ನಿಂತೇ ಮಾಡಬೇಕು.

ಆಮೇಲೆ ಸೆಲ್. ಕೀಪ್ಯಾಡ್ ಮಿನುಗುತ್ತಿದೆ, ಬೀಪ್ ಬರುತ್ತಿದೆ, ಅಂದಮೇಲೆ ಸೆಲ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಬೀಪ್‌ಗೆ ಬೇಕಾದ ಕರೆಂಟ್ ಎಷ್ಟೋ ಕಡಿಮೆ. ಲಾಕ್‌ನ ಬ್ಲೂಟೂತ್ ರೇಡಿಯೊ, ಮೋಟಾರ್ ಎರಡೂ ಎದ್ದಾಗ ಹಳೆಯ ಸೆಲ್‌ನ ವೋಲ್ಟೇಜ್ ಕುಸಿದು ಲಾಕ್ ನಡುವೆಯೇ ತಲೆ ತಿರುಗಿ ಬೀಳುತ್ತದೆ. 4 ಎಎ ಸೆಲ್ ಹಾಕುವ ಲಾಕ್‌ಗೆ ಹೊಸ ಆಲ್ಕಲೈನ್ ಸೆಲ್‌ಗಳಿಂದ 6 ವೋಲ್ಟ್ ಸಿಗುತ್ತದೆ. ರೀಚಾರ್ಜ್ ಆಗುವ ನಿಕಲ್ ಸೆಲ್ ಒಂದೊಂದೂ 1.2 ವೋಲ್ಟ್, 4 ಸೇರಿದರೆ 4.8. ಲಾಕ್ ಇದನ್ನು 'ಮುಗಿಯುತ್ತಾ ಬಂದ ಸೆಲ್' ಎಂದು ಓದುತ್ತದೆ. ಆ್ಯಪ್ ತೋರಿಸುವ ಶೇಕಡಾವಾರು ಕೂಡ ವೋಲ್ಟೇಜ್ ನೋಡಿ ಮಾಡಿದ ಅಂದಾಜು ಅಷ್ಟೇ. ಅದನ್ನು ನಂಬಿ ಕೂರಬೇಡಿ. 4 ಸೆಲ್‌ಗಳನ್ನೂ ಒಟ್ಟಿಗೆ ಬದಲಿಸಿ, ಒಂದೇ ಪ್ಯಾಕಿನವು ಹಾಕಿ, ಹಳೆಯದು ಹೊಸದು ಬೆರೆಸಬೇಡಿ. ಅನ್‌ಪೇರ್ ಮಾಡುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ. ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ.

ಇನ್ನರ್ಧದಲ್ಲಿ ನನ್ನದೂ ಒಂದಿತ್ತು. ಹೊಸ ಸೆಲ್, ಕೀಪ್ಯಾಡ್‌ನಲ್ಲಿ ಬೆಳಕು, ಫೋನ್ ಲಾಕ್‌ಗೆ ಅಂಟಿಕೊಂಡಂತೆ ಹಿಡಿದಿದ್ದೆ. ಆದರೂ 'ಲಾಕ್ ಸಿಗುತ್ತಿಲ್ಲ' ಎಂದೇ ಬರುತ್ತಿತ್ತು. ಎರಡು ಸಂಜೆ ಇದಕ್ಕೇ ಹೋಯಿತು. ಕೊನೆಗೆ ಎನ್‌ಆರ್‌ಎಫ್ ಕನೆಕ್ಟ್ ಅನ್ನುವ ಉಚಿತ ಆ್ಯಪ್ ಹಾಕಿ ಸ್ಕ್ಯಾನ್ ಮಾಡಿದೆ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನೆಲ್ಲ ಅದು ಸಾಲಾಗಿ ತೋರಿಸುತ್ತದೆ. ಟಿವಿ ಇತ್ತು, ಇಯರ್‌ಫೋನ್ ಇತ್ತು, ಯಾರದ್ದೋ ವಾಚ್ ಇತ್ತು. ಒಂದು ಗೇಣು ದೂರದಲ್ಲಿದ್ದ ಲಾಕ್ ಮಾತ್ರ ಇರಲಿಲ್ಲ. ಆಗ ತಲೆಗೆ ಹೊಳೆಯಿತು. ಇಂಥ ಲಾಕ್‌ಗಳಲ್ಲಿ ಬಹಳಷ್ಟು ಒಂದು ಸಲಕ್ಕೆ ಒಂದೇ ಫೋನಿನ ಜೊತೆ ಮಾತಾಡುತ್ತವೆ. ಒಂದು ಫೋನ್ ಸಿಕ್ಕಿತೋ, 'ನಾನಿಲ್ಲಿದ್ದೇನೆ' ಎಂದು ಕೂಗುವುದನ್ನು ನಿಲ್ಲಿಸಿಬಿಡುತ್ತವೆ. ಹಾಗಾದರೆ ನನ್ನ ಲಾಕನ್ನು ಹಿಡಿದುಕೊಂಡಿದ್ದು ಯಾರು? ಕಪಾಟಿನಲ್ಲಿ ಚಾರ್ಜರ್‌ಗೆ ಸಿಕ್ಕಿಸಿಟ್ಟಿದ್ದ ಹಳೆಯ ಫೋನ್! ಅದರಲ್ಲಿ ಆ್ಯಪ್ ಇನ್ನೂ ಲಾಗಿನ್ ಆಗಿಯೇ ಇತ್ತು, ಹತ್ತಿರ ಬಂದರೆ ತಾನೇ ತೆರೆಯುವ ಸೌಲಭ್ಯವೂ ಆನ್ ಇತ್ತು. ಆ ಫೋನ್ ಆಫ್ ಮಾಡಿದೆ. ಪಟ್ಟಿಯಲ್ಲಿ ಲಾಕ್ ತಟ್ಟನೆ ಕಾಣಿಸಿಕೊಂಡಿತು, ಸಿಗ್ನಲ್ -48. ಮೊದಲ ಸಲ ಒತ್ತಿದಾಗಲೇ ಡಿಲೀಟ್ ಆಯಿತು.

ಆ ಸಿಗ್ನಲ್ ಅಂಕಿ ಓದುವುದು ಸುಲಭ. ಮೈನಸ್ ಜೊತೆ ಇರುವ ಸಂಖ್ಯೆ ಚಿಕ್ಕದಾದಷ್ಟೂ ಸಿಗ್ನಲ್ ಗಟ್ಟಿ. -40ರಿಂದ -60 ಇದ್ದರೆ ಲಾಕ್ ಎದುರಿಗೇ ಇದೆ ಎಂದರ್ಥ. -90 ದಾಟಿದರೆ ಮಾತು ಮಧ್ಯದಲ್ಲೇ ಕಡಿಯುತ್ತದೆ. ಲೋಹದ ಬಾಗಿಲಾದರೆ ಹೊರಗೆ ನಿಂತಾಗ ಒಂದು ಅಂಕಿ, ಒಳಗೆ ನಿಂತಾಗ ಇನ್ನೊಂದು. ರೇಡಿಯೊ ಯಾವ ಬದಿಯ ಭಾಗದಲ್ಲಿದೆಯೋ ಆ ಬದಿಗೆ ಹೋಗಿ ನಿಂತು ಪ್ರಯತ್ನಿಸಿ.

ಮನೆಯವರ ಫೋನ್‌ಗಳು, ಟ್ಯಾಬ್, ಗೇಟ್‌ವೇ, ಇವೆಲ್ಲವನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ. ಗೇಟ್‌ವೇ ಕೂಡ ಇನ್ನೊಂದು ಫೋನ್ ಇದ್ದ ಹಾಗೆ, ಲಾಕನ್ನು ಹಿಡಿದುಕೊಂಡು ಕೂರಬಲ್ಲದು. ಐಫೋನ್‌ನಲ್ಲಿ ಒಂದು ಗುಟ್ಟಿದೆ: ಕಂಟ್ರೋಲ್ ಸೆಂಟರ್ ಎಳೆದು ಬ್ಲೂಟೂತ್ ಗುಂಡಿ ಒತ್ತಿದರೆ ಬ್ಲೂಟೂತ್ ಪೂರ್ತಿ ಆಫ್ ಆಗುವುದಿಲ್ಲ. ಸಂಪರ್ಕಗಳು ತಾತ್ಕಾಲಿಕವಾಗಿ ಬಿಡುತ್ತವೆ, ಮಾರನೆಯ ದಿನ ತಾನೇ ಆನ್ ಆಗುತ್ತದೆ. 2017ರ ಐಒಎಸ್ 11ರಿಂದ ಹೀಗೇ ಇದೆ. ನಿಜವಾಗಿ ಆಫ್ ಆಗಬೇಕಾದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು.

ಆಂಡ್ರಾಯ್ಡ್‌ನಲ್ಲಿ ಅನುಮತಿ ನೋಡಿ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹಳೆಯದಾದರೆ ಬ್ಲೂಟೂತ್ ಸ್ಕ್ಯಾನ್‌ಗೆ ಲೊಕೇಶನ್ ಅನುಮತಿ ಬೇಕು, ಲೊಕೇಶನ್ ಆನ್ ಕೂಡ ಇರಬೇಕು. ಬೀಗಕ್ಕೂ ಲೊಕೇಶನ್‌ಗೂ ಏನು ಸಂಬಂಧ ಎಂದು ಅದನ್ನು ಆಫ್ ಇಡುವವರೇ ಜಾಸ್ತಿ, ಅಲ್ವಾ? 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ 'ನಿಯರ್‌ಬೈ ಡಿವೈಸಸ್' ಅನ್ನುವ ಬೇರೆ ಅನುಮತಿ ಬಂದಿದೆ. ಫೋನ್ ಅಪ್‌ಡೇಟ್ ಆದ ಮೇಲೆ ಇದ್ದಕ್ಕಿದ್ದಂತೆ ಲಾಕ್ ಸಿಗದಂತಾಗಿದ್ದರೆ ಮೊದಲು ಇದನ್ನೇ ನೋಡಿ. ಬಹಳ ದಿನ ಬಳಸದ ಆ್ಯಪ್‌ನ ಅನುಮತಿಯನ್ನು ಫೋನ್ ತಾನಾಗಿ ಹಿಂದಕ್ಕೆ ತೆಗೆದುಕೊಳ್ಳುವುದೂ ಉಂಟು.

ವಿಪಿಎನ್ ಇದ್ದರೆ ಆಫ್ ಮಾಡಿ. ಫೋನಿನ ದಿನಾಂಕ, ಸಮಯ 'ಆಟೊಮ್ಯಾಟಿಕ್' ಇರಲಿ. ಸಮಯ ತಪ್ಪಿದ್ದರೆ ಸರ್ವರ್ ಬಾಗಿಲೇ ತೆರೆಯುವುದಿಲ್ಲ.

ಫೋನ್ ಮರೆತಿದೆ, ಲಾಕ್ ಮರೆತಿಲ್ಲ

ಎಲ್ಲ ಸರಿಯಿದ್ದೂ ಸಂಪರ್ಕ ಆದ ಎರಡೇ ಸೆಕೆಂಡಿಗೆ ಬಿಟ್ಟುಹೋಗುತ್ತಿದ್ದರೆ, ಗಂಟು ಬಿದ್ದಿರುವುದು ಬ್ಲೂಟೂತ್ ಜೋಡಣೆಯಲ್ಲೇ ಇರಬಹುದು. ಪೇರ್ ಆಗುವಾಗ ಫೋನ್ ಮತ್ತು ಲಾಕ್ ಒಂದು ಗುಪ್ತ ಕೀಯನ್ನು ಹಂಚಿಕೊಂಡು ಇಬ್ಬರೂ ಬರೆದಿಟ್ಟುಕೊಳ್ಳುತ್ತವೆ. ಒಬ್ಬರು ಅದನ್ನು ಕಳೆದುಕೊಂಡು ಇನ್ನೊಬ್ಬರು ಹಿಡಿದುಕೊಂಡೇ ಇದ್ದರೆ ಮಾತು ಮುಂದುವರಿಯುವುದಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ?

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಬ್ಲೂಟೂತ್ ಪಟ್ಟಿ ನೋಡಿ. ಅಲ್ಲಿ ಲಾಕ್‌ನ ಹೆಸರು ಇದ್ದರೆ 'ಫರ್ಗೆಟ್' ಮಾಡಿ, ಫೋನ್ ಆಫ್ ಮಾಡಿ ಆನ್ ಮಾಡಿ, ಆ್ಯಪ್ ಒಳಗಿನಿಂದಲೇ ಮತ್ತೆ ಸಂಪರ್ಕಿಸಿ. ಹೆಸರು ಇಲ್ಲದಿದ್ದರೂ ಗಾಬರಿ ಬೇಡ. ಎಷ್ಟೋ ಲಾಕ್‌ಗಳ ಜೋಡಣೆ ಆ್ಯಪ್ ಒಳಗೇ ನಡೆಯುತ್ತದೆ, ಫೋನಿನ ಪಟ್ಟಿಗೆ ಬರುವುದೇ ಇಲ್ಲ. ಹಾಗೆಯೇ, ಆ ಪಟ್ಟಿಯಲ್ಲಿ 'ಫರ್ಗೆಟ್' ಒತ್ತಿದ ಮಾತ್ರಕ್ಕೆ ಲಾಕ್ ಬಿಡುಗಡೆ ಆಯಿತು ಅಂದುಕೊಳ್ಳಬೇಡಿ. ಅದು ಮೂರು ಲೆಕ್ಕಗಳಲ್ಲಿ ಒಂದರ ಮೇಲೆ ಹೊಡೆದ ಗೆರೆ ಮಾತ್ರ.

ಆ್ಯಪ್‌ನಿಂದ ಹೋಗಿದೆ, ಲಾಕ್ ಯಾರಿಗೂ ಸೇರುತ್ತಿಲ್ಲ

'ಬಲವಂತವಾಗಿ ತೆಗೆ' ಅನ್ನುವಂಥ ಆಯ್ಕೆ ಕೆಲವು ಆ್ಯಪ್‌ಗಳಲ್ಲಿ ಇದೆ. ಲಾಕ್ ಸಿಗದಿದ್ದರೂ ಸರ್ವರ್‌ನಿಂದ ಹೆಸರು ತೆಗೆಯುತ್ತದೆ. ಅನುಕೂಲ ಅನ್ನಿಸುತ್ತದೆ, ಆದರೆ ಲಾಕ್‌ಗೆ ಈ ಸುದ್ದಿ ತಲುಪಿರುವುದಿಲ್ಲ. ಅದು ಹಳೆಯ ಯಜಮಾನನಿಗೇ ಕಾಯುತ್ತಾ, ಹೊಸ ಫೋನ್ ಬಂದರೆ ಬೆನ್ನು ತಿರುಗಿಸುತ್ತದೆ. ಇದಕ್ಕೆ ಮದ್ದು ಲಾಕ್ ಮೇಲಿನ ಫ್ಯಾಕ್ಟರಿ ರಿಸೆಟ್.

ಉಲ್ಟಾ ಪ್ರಸಂಗವೂ ಇದೆ. ರಿಸೆಟ್ ಮಾಡಿದ್ದೀರಿ, ಲಾಕ್ ಎಲ್ಲ ಮರೆತಿದೆ, ಸರ್ವರ್ ಮಾತ್ರ ಮರೆತಿಲ್ಲ. 'ಬೇರೆ ಅಕೌಂಟ್‌ಗೆ ಸೇರಿದೆ' ಎಂದು ಬರುವುದು ಸಾಮಾನ್ಯವಾಗಿ ಆಗಲೇ. ಸೆಕೆಂಡ್ ಹ್ಯಾಂಡ್ ಲಾಕ್ ಕೊಂಡವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಇದು ದೋಷ ಅಲ್ಲ, ಬೇಕೆಂದೇ ಮಾಡಿದ ಕಾವಲು. ಬಾಗಿಲಿಂದ ಕಿತ್ತುಕೊಂಡು ಹೋದವನು ಒಂದು ಬಟನ್ ಒತ್ತಿ ತನ್ನದಾಗಿಸಿಕೊಳ್ಳಬಾರದಲ್ಲ. ಎಷ್ಟು ಸಲ ರಿಸೆಟ್ ಒತ್ತಿದರೂ ಪ್ರಯೋಜನ ಇಲ್ಲ. ಹಳೆಯ ಮಾಲೀಕರು ಅವರ ಆ್ಯಪ್‌ನಿಂದ ತೆಗೆಯಬೇಕು, ಅವರು ಸಿಗದಿದ್ದರೆ ಕಂಪನಿ ತೆಗೆಯಬೇಕು.

ತೆಗೆದ ಲಾಕ್ ತಿರುಗಿ ಬರುವುದು

ಲಾಕನ್ನು ಇನ್ನೊಂದು ವ್ಯವಸ್ಥೆಗೂ ಜೋಡಿಸಿದ್ದೀರಾ? ಗೂಗಲ್ ಹೋಮ್, ಅಲೆಕ್ಸಾ, ಆ್ಯಪಲ್ ಹೋಮ್? ಅಕೌಂಟ್ ಲಿಂಕ್ ಇದ್ದರೆ ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆ ಮತ್ತೆ ಎಳೆದು ತರುತ್ತದೆ. ಮೊದಲು ಆ ಲಿಂಕ್ ಬಿಡಿಸಿ, ಆಮೇಲೆ ಲಾಕ್‌ನ ಸ್ವಂತ ಆ್ಯಪ್‌ನಿಂದ ತೆಗೆಯಿರಿ.

ಬೇರೆ ಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದು ಮಾಡಿದ 'ಮ್ಯಾಟರ್' ಮಾನದಂಡದ ಬೆಂಬಲ ಇರುವ ಲಾಕ್ ಆದರೆ ವಿಷಯ ಇನ್ನೂ ಸ್ವಾರಸ್ಯ. 2022ರ ಅಕ್ಟೋಬರ್‌ನಲ್ಲಿ ಬಂದ ಈ ಮಾನದಂಡದಲ್ಲಿ ಒಂದೇ ಸಾಧನ ಹಲವು ಯಜಮಾನರ ಕೆಳಗೆ ಒಟ್ಟಿಗೆ ಇರಬಹುದು. ಕನಿಷ್ಠ 5 ಜಾಲಗಳಿಗೆ ಜಾಗ ಇರಲೇಬೇಕು ಎಂಬುದು ನಿಯಮ. ಹಾಗಾಗಿ ಒಂದು ಆ್ಯಪ್‌ನಿಂದ ತೆಗೆದರೆ ಉಳಿದವು ತಮ್ಮ ಪಾಡಿಗೆ ಇರುತ್ತವೆ. ಒಂದೊಂದರಲ್ಲೂ ಹೋಗಿ ತೆಗೆಯಬೇಕು.

ಬ್ಲೂಟೂತ್ ಬದಲು ಝಡ್-ವೇವ್ ಅನ್ನುವ ಬೇರೆ ನಿಸ್ತಂತು ಜಾಲದಲ್ಲಿ, ಹಬ್ ಅನ್ನುವ ನಿಯಂತ್ರಕ ಪೆಟ್ಟಿಗೆಯ ಮೂಲಕ ನಡೆಯುವ ಲಾಕ್ ಇರುವವರಿಗೆ ಒಂದು ಒಳ್ಳೆಯ ಸುದ್ದಿ. ಹಳೆಯ ಹಬ್ ಸುಟ್ಟುಹೋಗಿದ್ದರೂ ಪರವಾಗಿಲ್ಲ. ಅದರಲ್ಲಿ 'ಎಕ್ಸ್‌ಕ್ಲೂಷನ್' ಅನ್ನುವ ಬಿಡುಗಡೆಯ ಕೆಲಸವನ್ನು ಯಾವ ಝಡ್-ವೇವ್ ಹಬ್ ಬೇಕಾದರೂ ಮಾಡಬಲ್ಲದು. ಹೊಸ ಹಬ್ಬನ್ನು ಎಕ್ಸ್‌ಕ್ಲೂಷನ್ ಮೋಡ್‌ಗೆ ಹಾಕಿ, ಲಾಕ್ ಹತ್ತಿರ ತಂದು, ಲಾಕ್‌ನ ಮೆನುವಿನಲ್ಲಿ ನೆಟ್‌ವರ್ಕ್ ಬಿಡುವ ಆಯ್ಕೆ ಒತ್ತಿ. ಇಂಥದ್ದೇ ಇನ್ನೊಂದು ಜಾಲವಾದ ಜಿಗ್‌ಬೀಯಲ್ಲಿ ಈ ಸೌಕರ್ಯ ಇಲ್ಲ. ಹಬ್ 'ಹೊರಡು' ಅಂದಾಗ ಲಾಕ್ ಕೇಳಿಸಿಕೊಳ್ಳದಿದ್ದರೆ ರಿಸೆಟ್ಟೇ ಗತಿ.

ರಿಸೆಟ್ ಮಾಡಲೇಬೇಕಾದಾಗ

ರಿಸೆಟ್ ಬಟನ್ ಹೆಚ್ಚಾಗಿ ಒಳಬದಿಯ ಭಾಗದಲ್ಲಿ, ಸೆಲ್ ಮುಚ್ಚಳದ ಕೆಳಗೆ ಇರುತ್ತದೆ. ಕೆಲವದರಲ್ಲಿ ಸ್ಕ್ರೂ ಬಿಚ್ಚಿ ಇಡೀ ಭಾಗ ಹೊರಗೆ ತೆಗೆಯಬೇಕು. ಚಿಕ್ಕ ರಂಧ್ರ ಇದ್ದರೆ ಸಿಮ್ ತೆಗೆಯುವ ಪಿನ್ ಸಾಕು. ಎಷ್ಟು ಸೆಕೆಂಡ್ ಒತ್ತಬೇಕು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಕೆಲವದರಲ್ಲಿ ಬರೀ ಒತ್ತಿದರೆ ಏನೂ ಆಗುವುದಿಲ್ಲ: ಸೆಲ್ ತೆಗೆಯಬೇಕು, ಬಟನ್ ಒತ್ತಿ ಹಿಡಿದುಕೊಂಡೇ ಸೆಲ್ ಹಾಕಬೇಕು, ಬೀಪ್ ಅಥವಾ ಧ್ವನಿ ಬಂದ ಮೇಲೆ ಕೈ ಬಿಡಬೇಕು. ಎರಡು ಕೈ ಸಾಲುವುದಿಲ್ಲ, ಇನ್ನೊಬ್ಬರನ್ನು ಕರೆಯಿರಿ. ಫರ್ಮ್‌ವೇರ್ (ಲಾಕ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ನಡೆಯುತ್ತಿರುವಾಗ ಮಾತ್ರ ಸೆಲ್ ಮುಟ್ಟಲೇಬೇಡಿ.

ರಿಸೆಟ್ ಆದರೆ ಪಿನ್, ಬೆರಳಚ್ಚು, ಕಾರ್ಡ್ ಎಲ್ಲ ಅಳಿಯುತ್ತವೆ. ಅಳಿದಿವೆ ಎಂದು ನಂಬಬೇಡಿ, ಪರೀಕ್ಷಿಸಿ. ಬಾಗಿಲು ತೆರೆದಿರುವಾಗಲೇ ಬೋಲ್ಟ್ ಹೊರಗೆ ಚಾಚಿಸಿ ಹಳೆಯ ಪಿನ್ ಒತ್ತಿ. ಅದು ಇನ್ನೂ ತೆರೆದರೆ ರಿಸೆಟ್ ಆಗಿಲ್ಲ. ಬೆರಳಚ್ಚಿನ ಎಷ್ಟೋ ಲಾಕ್‌ಗಳು ಫ್ಯಾಕ್ಟರಿ ಸ್ಥಿತಿಯಲ್ಲಿ ಯಾರ ಬೆರಳಿಟ್ಟರೂ ತೆರೆದುಕೊಳ್ಳುತ್ತವೆ. ನೋಂದಣಿ ಆಗದ ಬೆರಳು ಇಟ್ಟು ನೋಡಿ, ತೆರೆದರೆ ರಿಸೆಟ್ ನಿಜವಾಗಿ ಆಗಿದೆ. ಆದರೆ ಆ ಸ್ಥಿತಿಯಲ್ಲಿ ಬಾಗಿಲನ್ನು ಅದರ ಮೇಲೆ ಬಿಟ್ಟು ಹೊರಗೆ ಹೋಗಬೇಡಿ.

ಕಂಪನಿಗೆ ಬರೆಯುವುದಾದರೆ

ಸರ್ವರ್ ಹಿಡಿದುಕೊಂಡಿದೆ ಎಂದು ಖಾತ್ರಿಯಾದ ಮೇಲೆ ಸುಮ್ನೆ ಒದ್ದಾಡಬೇಡಿ, ಬರೆಯಿರಿ. 'ಲಾಕ್ ಕೆಲಸ ಮಾಡುತ್ತಿಲ್ಲ' ಎಂದು ಬರೆದರೆ ಸೆಲ್ ಬದಲಿಸಿ ಎಂಬ ಉತ್ತರ ಬರುತ್ತದೆ. ಹೀಗೆ ಬರೆಯಿರಿ: ರಿಸೆಟ್ ಆಗಿದೆ, ಹಳೆಯ ಪಿನ್ ತೆರೆಯುತ್ತಿಲ್ಲ, ಸೇರಿಸುವಾಗ ಇಂಥ ಸಂದೇಶ ಬರುತ್ತಿದೆ, ಸರ್ವರ್‌ನಿಂದ ಹೆಸರು ತೆಗೆಯಿರಿ. ಸಂದೇಶದ ಸ್ಕ್ರೀನ್‌ಶಾಟ್, ಲಾಕ್‌ನ ಸೀರಿಯಲ್ ನಂಬರ್ ಇರುವ ಚೀಟಿಯ ಫೋಟೊ, ಬಿಲ್, ಇವನ್ನು ಮೊದಲ ಪತ್ರದಲ್ಲೇ ಲಗತ್ತಿಸಿ. ಚೀಟಿ ಹೆಚ್ಚಾಗಿ ಸೆಲ್ ಇಡುವ ಜಾಗದಲ್ಲಿ ಅಥವಾ ಕೈಪಿಡಿಯ ಹಿಂದೆ ಅಂಟಿಸಿರುತ್ತಾರೆ. ಪಾಸ್‌ವರ್ಡ್, ಪಿನ್, ಒಟಿಪಿ ಯಾರು ಕೇಳಿದರೂ ಕೊಡಬೇಡಿ, ಈ ಕೆಲಸಕ್ಕೆ ಅವು ಬೇಕಾಗುವುದಿಲ್ಲ.

'ತೆಗೆದಿದ್ದೇವೆ' ಎಂದು ಉತ್ತರ ಬಂದ ಮೇಲೆ ಆ್ಯಪ್‌ನಿಂದ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಇನ್ನೊಂದು ಸಲ ರಿಸೆಟ್ ಮಾಡಿ. ಹಳೆಯ ಫೋನ್ ಕಪಾಟಿನಲ್ಲಿ ಆನ್ ಇಲ್ಲ ಎಂದು ನೋಡಿಕೊಂಡು ಲಾಕನ್ನು ಹೊಸದಾಗಿ ಸೇರಿಸಿ.